ಬಜ್ಜಿ ಎಂಬ ಗಿಳಿ

"ಗಿಳಿ ತರ್ತೀನಿ ಅಂತ ಹೋದವನು ಗುಬ್ಬಚ್ಚಿಗೆ ಬಣ್ಣ ಬಳಿಸ್ಕೊಂಡು ಬಂದೆಯಲ್ಲೋ ಮಾರಾಯ!"

ಪಂಜರದ ಮುಸುಕು ತೆಗೆದೊಡನೆ ನಮ್ಮ ತಾಯಿಯವರು ಕೊಟ್ಟ ತೀರ್ಪು ಇದು. ಒಳಗಿದ್ದವು ಒಂದು ನೀಲಿ, ಒಂದು ಹಸಿರು. ಮಂಗಳೂರಿನ ಅಂಗಡಿಯವನು 'ಲವ್ ಬರ್ಡ್ಸ್' ಎಂದೇ ಮಾರಿದ್ದ. ಆ ಹೆಸರಿನ ನಿಜವಾದ ಹಕ್ಕಿಗಳು ಆಫ್ರಿಕಾದವು. ಇವು ಆಸ್ಟ್ರೇಲಿಯಾದ ಬಜರಿಗರ್, ಮುದ್ದಿನ ಹೆಸರು ಬಜ್ಜಿ ಎಂದು ನಾನು ಪಾಂಡಿತ್ಯ ಪ್ರದರ್ಶಿಸಿದೆ. "ಕೊಟ್ಟಿಗೆಹಾರದ ಚಳಿಗೆ ಬಜ್ಜಿ ಅಂದ್ರೆ ಮೆಣಸಿನಕಾಯಿದೇ ಆಗಬೇಕು" ಎಂದು ಅವರು ಒಳಗೆ ನಡೆದರು. ಏಳು ವರ್ಷದ ನನ್ನ ಮಗಳಿಗೆ ಮಾತ್ರ ಆಗಲೇ ಸ್ವರ್ಗ ಮೂರೇ ಗೇಣು.

ತಾಯಿಯವರ ತಕ್ಕಡಿಯಲ್ಲಿ ಗಿಳಿಯೆಂದರೆ ನನ್ನ ಅಜ್ಜನ ಮನೆಯ ಗಿಳಿ. ಜಗಲಿಯ ಕಬ್ಬಿಣದ ಪಂಜರದಲ್ಲಿ ಕುಳಿತು, "ಯಾರು ಬಂದ್ರು? ಕೂತ್ಕೊಳ್ಳಿ" ಎಂದು ಬಂದವರನ್ನು ಉಪಚರಿಸುತ್ತಿದ್ದ ಆ ಪ್ರಾಣಿಯ ರೆಕ್ಕೆ ಕತ್ತರಿಸಿತ್ತೆಂಬುದು ಬಾಲಕನಾಗಿದ್ದ ನನಗೆ ವಿಶೇಷವಾಗಿ ತೋರಿರಲಿಲ್ಲ. ಮುಂದೆ ನಾನು ಅಧ್ಯಾಪಕನಾಗಿ ನಾಗವರ್ಮನ 'ಕರ್ನಾಟಕ ಕಾದಂಬರಿ'ಯನ್ನು ಪಾಠ ಹೇಳಿದೆ. ಬೇಡನೊಬ್ಬ ಬೂರುಗದ ಮರವನ್ನೇರಿ ಗೂಡುಗಳಿಂದ ಗಿಳಿಗಳನ್ನು ಕಿತ್ತು ಕೊಲ್ಲುವ ಪ್ರಸಂಗ ಬಂದಾಗ ಪ್ರತಿವರ್ಷವೂ ನನ್ನ ಕಂಠ ಗದ್ಗದವಾಗುತ್ತಿತ್ತು. ಅಜ್ಜನ ಗಿಳಿಯೂ ಯಾವುದೋ ಮರದ ಪೊಟರೆಯಿಂದಲೇ ಕಿತ್ತು ತಂದದ್ದೆಂಬ ವಿಚಾರ ಮಾತ್ರ ಎಷ್ಟೋ ವರ್ಷ ನನಗೆ ಹೊಳೆಯಲೇ ಇಲ್ಲ! 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ನಮ್ಮ ನಾಡಿನ ಗಿಳಿಗಳನ್ನು ಹಿಡಿಯುವುದೂ ಮಾರುವುದೂ ಅಪರಾಧ. ಬಜ್ಜಿಗಾದರೋ ಆ ಬಾಧೆಯಿಲ್ಲ. ಜಾನ್ ಗೌಲ್ಡ್ ಎಂಬ ಪಕ್ಷಿಶಾಸ್ತ್ರಜ್ಞ 1840ರಲ್ಲಿ ಅವನ್ನು ಜೀವಂತವಾಗಿ ಇಂಗ್ಲೆಂಡಿಗೆ ತಂದ ಮೇಲೆ ಅವು ತಲೆತಲಾಂತರದಿಂದ ಪಂಜರದಲ್ಲೇ ಹುಟ್ಟುತ್ತಿವೆ. ಕಾಡಿನಲ್ಲಿ ಅವುಗಳದು ಹಸಿರು ಹಳದಿ ಮಾತ್ರ. ನೀಲಿ, ಬಿಳಿಗಳು ಪಂಜರದ ಕೊಡುಗೆ. ಹೀಗೆ ನನ್ನ ಅಂತಃಸಾಕ್ಷಿಯನ್ನು ಸಮಾಧಾನಪಡಿಸಿಕೊಂಡೇ ಖರೀದಿ ನಡೆದಿತ್ತು.

ಗಾತ್ರದಿಂದ ಗಿಳಿತನವನ್ನು ಅಳೆಯಬಾರದೆಂದು ತಾಯಿಯವರೊಡನೆ ವಾದಿಸಿದೆ. ತಲೆಕೆಳಗಾಗಿ ನೇತಾಡಿಕೊಂಡು ಮಲಗುವ ನಮ್ಮ ಮಲೆನಾಡಿನ ಪುಟ್ಟ ಗಿಳಿ ಬಜ್ಜಿಗಿಂತಲೂ ಚಿಕ್ಕದಲ್ಲವೆ? ಮಾತಿನ ವಿಷಯ ಕೇಳಿದರೆ, 1994ರಲ್ಲಿ ತೀರಿಕೊಂಡ ಪಕ್ ಎಂಬ ಅಮೆರಿಕದ ಬಜ್ಜಿಗೆ 1,728 ಪದಗಳು ಬರುತ್ತಿದ್ದವೆಂದು ಗಿನ್ನೆಸ್ ದಾಖಲೆಯೇ ಇದೆ. (ನನ್ನ ಕೆಲವು ವಿದ್ಯಾರ್ಥಿಗಳ ಉತ್ತರಪತ್ರಿಕೆಗಳಲ್ಲಿ ಅಷ್ಟು ಪದಗಳನ್ನು ನಾನು ಕಂಡಿಲ್ಲ.) ತಾಯಿಯವರು ಒಪ್ಪಲಿಲ್ಲ. ಎದುರು ತೋಟದ ಹಾಲುವಾಣದ ಹೂವಿಗೆ ನೀಲಿ ರೆಕ್ಕೆಯ ಗಿಳಿಗಳ ಹಿಂಡು ಕೂಗುತ್ತ ಎರಗಿದಾಗಲೆಲ್ಲ, "ಅಲ್ನೋಡು, ಗಿಳಿ ಅಂದ್ರೆ ಅದು" ಎನ್ನುವರು. ಆ ಹೊತ್ತಿನಲ್ಲಿ ನಮ್ಮ ಬಜ್ಜಿಗಳೂ ಚಿಲಿಪಿಲಿ ನಿಲ್ಲಿಸಿ, ಒಂದಕ್ಕೊಂದು ಒತ್ತಿಕೊಂಡು ಕುಳಿತುಬಿಡುತ್ತಿದ್ದವು.

ಆಮೇಲೆ ಮಳೆಗಾಲ ಬಂತು. ಚಾರ್ಮಾಡಿ ಘಾಟಿಯ ನೆತ್ತಿಯಲ್ಲಿರುವ ನಮ್ಮೂರಿನ ಮಳೆಯನ್ನು ಕಾಣದವರಿಗೆ ವರ್ಣಿಸಿ ಫಲವಿಲ್ಲ. ಒಗೆದ ಬಟ್ಟೆ ವಾರಗಟ್ಟಲೆ ಒಣಗದು. ಪುಸ್ತಕದ ರಟ್ಟಿಗೆ ಬೂಸಲು. ಡಬ್ಬಿಯಲ್ಲಿದ್ದ ನವಣೆಗೂ ಬೂಸಲು ಹಿಡಿದಿತ್ತು. ಪರೀಕ್ಷೆಯ ಕೆಲಸದ ಗಡಿಬಿಡಿಯಲ್ಲಿದ್ದ ನಾನು ಅದನ್ನು ನೋಡದೆಯೇ ಮೂರು ನಾಲ್ಕು ದಿನ ಹಾಕಿದೆ. ಒಂದು ಬೆಳಗ್ಗೆ ಹಸಿರು ಹಕ್ಕಿ ಪಂಜರದ ತಳದಲ್ಲಿ ಬಿದ್ದಿತ್ತು. ಅಂಗೈಯಲ್ಲಿಟ್ಟುಕೊಂಡರೆ ಭಾರವೇ ತಿಳಿಯಲಿಲ್ಲ.

ಮಗಳು ಅಳಲಿಲ್ಲ. "ಅಪ್ಪಾ, ಇದರ ಊರಲ್ಲೂ ಹೀಗೇ ಮಳೆ ಬರುತ್ತಾ?" ಎಂದಳು.

ಬಾರದು. ಆಸ್ಟ್ರೇಲಿಯಾದ ಒಣಬಯಲುಗಳಲ್ಲಿ ನೀರನ್ನೂ ಹುಲ್ಲಿನ ಬೀಜವನ್ನೂ ಅರಸುತ್ತ ಹಿಂಡುಹಿಂಡಾಗಿ ಅಲೆಯುವ ಕುಲ ಅದು. ಇದನ್ನೆಲ್ಲ ಕೊಳ್ಳುವ ಮೊದಲೇ ನಾನು ಓದಿದ್ದೆ. ಮಗಳಿಗೆ "ಇಲ್ಲ ಮಗಳೇ" ಎಂದಷ್ಟೇ ಹೇಳಿದೆ.

ಉಳಿದ ನೀಲಿಯನ್ನು ಬಿಟ್ಟುಬಿಡೋಣವೆಂದು ಅವಳು ಹಟ ಹಿಡಿದಳು. ಬಿಟ್ಟರೆ ಈ ಮಳೆಯಲ್ಲಿ ಅದು ಎಷ್ಟು ದಿನ ಬದುಕೀತು? ಅಜ್ಜನ ಗಿಳಿಗೆ ಎದುರಿಗೇ ತನ್ನ ಕಾಡಿತ್ತು, ರೆಕ್ಕೆಯಿರಲಿಲ್ಲ. ಇದಕ್ಕೆ ರೆಕ್ಕೆಯಿದೆ, ಕಾಡಿಲ್ಲ.

ನಾವು ಹೀಗೆ ಚರ್ಚಿಸುತ್ತಿರುವಾಗ ತಾಯಿಯವರು ಹೊಸ ನವಣೆಯನ್ನು ತಟ್ಟೆಯಲ್ಲಿ ಹರಡಿ ಕೆಂಡದ ಪಕ್ಕ ಬೆಚ್ಚಗೆ ಒಣಗಲಿಟ್ಟರು. ಪಂಜರವನ್ನು ಗಾಳಿ ತಾಗದ ನಡುಮನೆಗೆ ತಾವೇ ಎತ್ತಿಕೊಂಡು ಹೋದರು. ಅಂದಿನಿಂದ ಸಂಜೆ ಹೊತ್ತು ಅದರ ಪಕ್ಕದಲ್ಲೇ ಅವರ ಹರಟೆ. ಮೊನ್ನೆ ಕಾಲೇಜಿನಿಂದ ನೆನೆದುಕೊಂಡು ಬಂದು ಕೊಡೆ ಮಡಿಸುತ್ತಿದ್ದೆ. ಒಳಗಿನಿಂದ ಬಲು ಸಣ್ಣದೊಂದು ಕೀರಲು ದನಿ, "ಯಾರು ಬಂದ್ರು?" ಎಂದಿತು.