ಶೀಟು ಕೊಯ್ದವರ ಎದೆ

ಮೈಸೂರಿನಿಂದ ನಂಜನಗೂಡಿಗೆ ಹೋಗುವಾಗ ಕಡಕೊಳ ದಾಟಿದ ಮೇಲೆ ತಾಂಡ್ಯ. ಅಲ್ಲಿನ ಹೊಲಗಳು ಕೈಗಾರಿಕಾ ಪ್ರದೇಶವಾದಾಗ ಸುತ್ತಲಿನ ಹುಡುಗರಿಗೆ ಮೊದಲು ಸಿಕ್ಕಿದ ಕೆಲಸ ಕಾರ್ಖಾನೆಯ ಒಳಗಿನದಲ್ಲ, ಅದರ ನೆತ್ತಿಯ ಮೇಲಿನದು. ಶೆಡ್ಡಿಗೆ ಶೀಟು ಹೊದಿಸುವುದು. ಆ ಗ್ಯಾಂಗಿನಲ್ಲಿ ನಾನೂ ಇದ್ದೆ.

ಆಗ ಶೆಡ್ಡು ಅಂದರೆ ಕಲ್ನಾರು ಶೀಟೇ. ತುಕ್ಕು ಹಿಡಿಯದು, ಬೆಂಕಿ ಹತ್ತದು. ಮಳೆಗಾಲಕ್ಕೆ ಮುಂಚೆ ನಾಡಹೆಂಚು ಕೈಯಾಡಿಸಿ ಸಾಕಾಗಿದ್ದ ಊರಿನವರಿಗೂ ಅದೇ ಬೇಕಾಯಿತು.

ನಾಲ್ಕು ಶೀಟು ಕೂಡುವ ಕಡೆ ನಾಲ್ಕು ಪದರ ಬಂದರೆ ಸರಿಯಾಗಿ ಕೂರುವುದಿಲ್ಲ. ಅದಕ್ಕೇ ಎರಡರ ಮೂಲೆಯನ್ನು ಓರೆಯಾಗಿ ಕೊಯ್ಯಬೇಕು. ಕೈಗರಗಸದ ಕಾಲದಲ್ಲಿ ಪುಡಿ ಕಾಲ ಬುಡಕ್ಕೆ ಬೀಳುತ್ತಿತ್ತು. ಕರೆಂಟಿನ ಕಟಿಂಗ್ ಮಿಷನ್ ಬಂದಮೇಲೆ ಬಿಳಿ ಧೂಳು ಮುಖಕ್ಕೇ ಎದ್ದು ರೆಪ್ಪೆಯ ಮೇಲೆ ಕೂತಿತು. ಮೂಗಿಗೆ ಟವಲ್ ಕಟ್ಟಿದವನನ್ನು ನೋಡಿ ಉಳಿದವರು ನಗೋರು. "ರಾಗಿ ಮಿಲ್ಲಲ್ಲಿ ಧೂಳು ಕುಡಿಯಕಿಲ್ವಾ, ಇದೂ ಅಂಗೇ ಬುಡ್ಲಾ" ಅನ್ನುತ್ತಿದ್ದರು ಮೇಸ್ತ್ರಿ.

ಶೀಟಿನಲ್ಲಿ ಬಹುಪಾಲು ಸಿಮೆಂಟು, ಹತ್ತನೇ ಒಂದು ಪಾಲಿನಷ್ಟು ಕಲ್ನಾರು. ಅದರ ಎಳೆ ಕಣ್ಣಿಗೆ ಕಾಣದಷ್ಟು ಸಣ್ಣದು. ಶ್ವಾಸಕೋಶದ ತಳಕ್ಕಿಳಿದರೆ ಸುಲಭಕ್ಕೆ ಹೊರಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರ್ ತರುತ್ತದೆ ಅನ್ನುತ್ತದೆ. ಆದರೆ ರೋಗ ತಲೆ ಎತ್ತುವುದು ಇಪ್ಪತ್ತು, ಮೂವತ್ತು ವರ್ಷ ಕಳೆದು. ಅಷ್ಟರಲ್ಲಿ ಗ್ಯಾಂಗು ಚದುರಿರುತ್ತದೆ, ಮೇಸ್ತ್ರಿ ಸತ್ತಿರುತ್ತಾರೆ.

ನಮ್ಮ ಜೊತೆಗಾರನೊಬ್ಬ ಐವತ್ತು ದಾಟಿದ ಮೇಲೆ ಕೆಮ್ಮಿನಲ್ಲಿ ರಕ್ತ ಬಂದು ಮಲಗಿದ. ಆಸ್ಪತ್ರೆಯಲ್ಲಿ ಬೀಡಿ ಸೇದುತ್ತೀಯಾ ಅಂತ ಕೇಳಿದರಂತೆ, ಏನು ಕೆಲಸ ಮಾಡುತ್ತಿದ್ದೆ ಅಂತ ಕೇಳಲಿಲ್ಲವಂತೆ. ಬೀಡಿಯ ಪರ ವಕಾಲತ್ತು ನನ್ನದಲ್ಲ. ಅಮೆರಿಕದ ಇನ್ಸುಲೇಷನ್ ಕೆಲಸಗಾರರ ಬಗ್ಗೆ ಸೆಲಿಕಾಫ್ ಮತ್ತು ಸಂಗಡಿಗರು 1979ರಲ್ಲಿ ಕೊಟ್ಟ ಲೆಕ್ಕದಲ್ಲಿ, ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುವ ಅಪಾಯ ಬರೀ ಕಲ್ನಾರಿನಿಂದ ಸುಮಾರು 5 ಪಟ್ಟು, ಬರೀ ಸಿಗರೇಟಿನಿಂದ ಸುಮಾರು 11 ಪಟ್ಟು, ಎರಡೂ ಸೇರಿದರೆ 50ಕ್ಕೂ ಮೇಲೆ. ನಮ್ಮವರಿಗೆ ಎರಡೂ ಇತ್ತು.

ಹೊಳೆನರಸೀಪುರ ಸೀಮೆಯಲ್ಲೂ ಒಂದು ಕಾಲಕ್ಕೆ ಕಲ್ನಾರು ಅಗೆಯುತ್ತಿದ್ದರು. ಗಣಿ ಗುತ್ತಿಗೆ ನವೀಕರಣವನ್ನು ಕೇಂದ್ರ ಸರ್ಕಾರ 1993ರಲ್ಲಿ ನಿಲ್ಲಿಸಿತು. ರಷ್ಯಾ, ಕಜಾಕಿಸ್ತಾನದಿಂದ ತರಿಸುವುದನ್ನು ಮಾತ್ರ ನಿಲ್ಲಿಸಲಿಲ್ಲ. 1995ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಕಾರ್ಮಿಕರ ಆರೋಗ್ಯದ ದಾಖಲೆಯನ್ನು ಕನಿಷ್ಠ 40 ವರ್ಷ ಇಡಬೇಕು, ರೋಗ ಖಚಿತವಾದವರಿಗೆ 1 ಲಕ್ಷ ರೂಪಾಯಿ ಪರಿಹಾರ ಕೊಡಬೇಕು ಅಂದಿತು. ಒಳ್ಳೆಯ ತೀರ್ಪು. ಆದರೆ ಅದರ ಫಲ ಶೀಟು ಹೊದಿಸುವವನ ತನಕ ಬರಲಿಲ್ಲ. ಬಟವಾಡೆ ಚೀಟಿಯೂ ಇಲ್ಲದ ನಮ್ಮ ದಾಖಲೆ ಯಾರು ಇಡಬೇಕಿತ್ತು?

ಈಗ ತಾಂಡ್ಯದಲ್ಲಿ ಹೊಸ ಶೆಡ್ಡುಗಳಿಗೆ ಬಣ್ಣದ ತಗಡು. ಹಳೇ ಶೀಟು ಇಳಿಸುವ ಹುಡುಗರು ಎಲ್ಲಿಂದಲೋ ಬಂದವರು. ಬೋಲ್ಟು ತುಕ್ಕು ಹಿಡಿದಿರುತ್ತದೆ, ಬಿಚ್ಚುವಷ್ಟು ಪುರುಸೊತ್ತಿಲ್ಲ, ಸುತ್ತಿಗೆಯಲ್ಲಿ ಬಡಿದು ಕೆಡವುತ್ತಾರೆ. ಇಡಿಯಾಗಿ ಉಳಿದದ್ದು ದನದ ಕೊಟ್ಟಿಗೆಗೆ, ಚೂರಾದದ್ದು ರಸ್ತೆಯ ಗುಂಡಿಗೆ. ನಾವು ಕುಡಿದ ಧೂಳನ್ನೇ ಈಗ ಇವರು ಕುಡಿಯುತ್ತಿದ್ದಾರೆ.

ಕಂಟ್ರಾಕ್ಟರುಗಳೇ, ಮೊದಲು ನೀರು ಹಾಯಿಸಿ ನೆನೆಸಿ, ಆಮೇಲೆ ಬೋಲ್ಟು ಬಿಚ್ಚಿ ಇಡಿಯಾಗಿ ಇಳಿಸಿ. ಒಡೆಯಬೇಡಿ, ಮಿಷನ್ ಹಾಕಬೇಡಿ. ಟವಲ್ ಸಾಲದು, ಸರಿಯಾದ ಮಾಸ್ಕು ಕೊಡಿ. ಧೂಳು ಹಿಡಿದ ಕೆಲಸದ ಬಟ್ಟೆಯನ್ನು ಹುಡುಗರು ಮನೆಗೆ ಕೊಂಡೊಯ್ದು ಹೆಂಗಸರ ಕೈಲಿ ಒಗೆಸದ ಹಾಗೆ ನೋಡಿಕೊಳ್ಳಿ. ಹಿಂದೆ ಶೀಟು ಕೊಯ್ದವರು ಯಾರಾದರೂ ಇದನ್ನು ಓದುತ್ತಿದ್ದರೆ ಬೀಡಿ ಬಿಡಿ. ಕೆಮ್ಮಿಗೆಂದು ಡಾಕ್ಟರ ಹತ್ತಿರ ಹೋದಾಗ ಅವರು ಕೇಳದಿದ್ದರೂ ನಿಮ್ಮ ಹಳೆಯ ಕಸುಬು ಏನಿತ್ತು ಅಂತ ಹೇಳಿ.