ಇಸಾಕನ ಬಾವಿ, ನಮ್ಮ ಬೋರು

ಟೊಮೇಟೊ ಟೂಟಾ ಹುಳದ ಬಗ್ಗೆ ಬರೀತೀನಿ ಅಂದಿದ್ದೆ. ಅದು ಮುಂದಿನ ವಾರಕ್ಕಿರಲಿ. ಈ ವಾರ ನೀರಿನ ವಿಷಯ, ಅದೂ ಬೈಬಲ್ಲಿನಿಂದ. ಈ ಪೇಜು ಓದೋರಲ್ಲಿ ನಮ್ಮ ಚರ್ಚಿನೋರು ನಾಲ್ಕೈದು ಮನೆ ಇರಬಹುದು ಅಷ್ಟೇ. ಉಳಿದೋರೂ ಓದಿ, ಇದು ಬಾವಿ ಜಗಳದ ಕತೆ.

ಆದಿಕಾಂಡ ಅನ್ನೋದು ಬೈಬಲ್ಲಿನ ಮೊದಲ ಪುಸ್ತಕ. ಅದರ 26ನೇ ಅಧ್ಯಾಯ ಪೂರ್ತಿ ಇಸಾಕನದು. ಅವನ ಅಪ್ಪ ಅಬ್ರಹಾಮನ ಕತೆ ದೊಡ್ಡದು, ಮಗ ಯಾಕೋಬನ ಕತೆಯೂ ದೊಡ್ಡದು. ನಡುವೆ ಇವನು ಬಾವಿ ತೋಡಿಸಿಕೊಂಡು ಹೋದೋನು. ಬರಗಾಲ ಬಂದು ಗೆರಾರ್ ಸೀಮೆಗೆ ಹೋಗ್ತಾನೆ. ಗಾಜಾಕ್ಕೂ ಬೇರ್ಷೆಬಕ್ಕೂ ನಡುವಿನ ಒಣ ನೆಲ ಅದು. ಬೇರ್ಷೆಬದಲ್ಲಿ ಈಗ ವರ್ಷಕ್ಕೆ ಬೀಳೋ ಮಳೆ ಸುಮಾರು 200 ಮಿ.ಮೀ. ನಮ್ಮ ಕೋಲಾರಕ್ಕೆ 700ರ ಆಸುಪಾಸು. ಅಂಥ ಕಡೆ ಬಿತ್ತಿ, ಅದೇ ವರ್ಷ ನೂರರಷ್ಟು ಬೆಳೆ ತೆಗೆದ ಅಂತಿದೆ. ರಾಗಿ ಬೆಳೆಯೋ ನಮಗೆ ನೂರು ಅಂದ್ರೆ ಏನೂ ಅನ್ನಿಸಲ್ಲ, ಒಂದು ತೆನೆಯಲ್ಲೇ ನೂರಾರು ಕಾಳು. ಗೋಧಿ, ಜವೆ ಬೆಳೆಯೋ ಒಣಭೂಮಿಗೆ ಅದು ಬಂಪರ್ ಫಸಲು.

ಯೂಟ್ಯೂಬಿನಲ್ಲಿ ಬೋಧನೆ ಮಾಡೋರು ಈ ನೂರರಷ್ಟು ಅನ್ನೋ ಮಾತನ್ನ ಹಿಡಕೊಂಡು, ಕಾಣಿಕೆ ಹಾಕಿ, ನಿಮಗೂ ನೂರರಷ್ಟು ಬರ್ತದೆ ಅಂತಾರೆ. ಎರಡು ವಾಕ್ಯ ಮುಂದಕ್ಕೆ ಓದಲ್ಲ. ಮುಂದೆ ಏನಿದೆ ಅಂದ್ರೆ, ಇವನ ಬೆಳೆ, ಮಂದೆ ನೋಡಿ ಅಲ್ಲಿನ ಫಿಲಿಷ್ಟಿಯರಿಗೆ ಹೊಟ್ಟೆ ಉರೀತು. ಅಬ್ರಹಾಮನ ಕಾಲದಲ್ಲಿ ತೋಡಿದ್ದ ಬಾವಿಗಳಿಗೆಲ್ಲ ಮಣ್ಣು ತುಂಬಿಬಿಟ್ರು. ನೀರಿಲ್ಲದ ಸೀಮೆಯಲ್ಲಿ ಬಾವಿ ಮುಚ್ಚಿದ್ರೆ ಮುಚ್ಚಿದೋನ ಕುರಿಗೂ ನೀರಿಲ್ಲ. ಆದ್ರೂ ಮುಚ್ಚಿದ್ರು. ನನಗೆ ಸಿಗದೇ ಇದ್ರೂ ಪರವಾಗಿಲ್ಲ, ಅವನಿಗೆ ಸಿಗಬಾರದು. ಇದನ್ನ ನಾನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಆಮೇಲೆ ರಾಜ ಅಬೀಮೆಲೆಕ ಇಲ್ಲಿಂದ ಹೋಗು ಅಂತಾನೆ. ಇಸಾಕ ಹಳ್ಳದ ಬಯಲಿಗೆ ಹೋಗಿ ಬಾವಿ ತೋಡಿಸಿದ್ರೆ ಸೆಲೆ ಸಿಗ್ತದೆ. ಗೆರಾರಿನ ಕುರುಬರು ಬಂದು ನೀರು ನಮ್ಮದು ಅಂತಾರೆ. ಆ ಬಾವಿಗೆ ಏಸೆಕ್ ಅಂತ ಹೆಸರಿಟ್ಟ, ಅಂದ್ರೆ ಜಗಳ. ಇನ್ನೊಂದು ತೋಡಿಸಿದ, ಅದಕ್ಕೂ ತಕರಾರು. ಅದರ ಹೆಸರು ಸಿಟ್ನಾ, ಅಂದ್ರೆ ಹಗೆ. ಮೂರನೇದಕ್ಕೆ ಯಾರೂ ಬರಲಿಲ್ಲ. ಅದಕ್ಕೆ ರೆಹೋಬೋತ್ ಅಂದ, ವಿಶಾಲವಾದ ಜಾಗ ಅಂತ.

ನಮ್ಮ ಪಾಸ್ಟರ್ ಅಯ್ಯನವರು ಹೋದ ತಿಂಗಳು ಇದನ್ನೇ ಬೋಧಿಸಿದ್ರು. ಜಗಳ ಆಡಬೇಡಿ, ಬಿಟ್ಟುಕೊಡಿ, ದೇವರು ಬೇರೆ ಕಡೆ ಕೊಡ್ತಾನೆ ಅಂತ. ಅವರ ಮೇಲೆ ಗೌರವ ಇದೆ. ಆದ್ರೆ ಇಸಾಕನಿಗೆ ಇದ್ದದ್ದು ಗುಡಾರ, ಗೂಟ ಕಿತ್ತು ಹೊರಡಬಹುದಿತ್ತು. ನಮ್ಮದು ಎರಡು ಎಕರೆ ಹತ್ತು ಗುಂಟೆ, ಸರ್ವೆ ನಂಬರು, ಪಹಣಿ, ನಾಲ್ಕು ಕಡೆ ಬದು. ಎಲ್ಲಿಗೆ ಹೋಗೋಣ?

ನನ್ನ ಪ್ರಶ್ನೆಗೆ ಕಾರಣ ಇದೆ. ನಮ್ಮ ಬೋರು 1100 ಅಡಿ, ಎರಡು ಇಂಚು ನೀರು ಇತ್ತು. ಬದುವಿನ ಆಚೆ, ಎಂಬತ್ತು ಅಡಿ ದೂರದಲ್ಲಿ ಪಕ್ಕದ ಜಮೀನಿನೋರು ಜನವರಿಯಲ್ಲಿ 1400 ಅಡಿ ಕೊರೆಸಿದ್ರು. ಅಲ್ಲಿಂದ ನಮ್ಮದು ಒಂದು ಇಂಚೂ ಇಲ್ಲ. ಅವರ ಮೋಟರು ಓಡೋವಾಗ ನಮ್ಮ ಪೈಪು ಗಾಳಿ ಕಕ್ತದೆ. ನಮ್ಮಣ್ಣನ ಮಗ ನಾವೂ 1600ಕ್ಕೆ ಹೋಗೋಣ ಚಿಕ್ಕಪ್ಪ ಅಂತಾನೆ. ಅವರು ಆಮೇಲೆ 1800. ಏಸೆಕ್, ಸಿಟ್ನಾ, ಏಸೆಕ್, ಸಿಟ್ನಾ, ಕೆಳಗೆ ಕೆಳಗೆ. ಆಳದಲ್ಲಿ ರೆಹೋಬೋತ್ ಇಲ್ಲ.

ಹಂಗಾಗಿ ಐದು ಅಧ್ಯಾಯ ಹಿಂದಕ್ಕೆ ಹೋಗಿ ಅಪ್ಪನ ಕತೆ ಓದಿದೆ. 21ನೇ ಅಧ್ಯಾಯದಲ್ಲೂ ಬಾವಿ ಜಗಳ ಇದೆ. ಅಬೀಮೆಲೆಕನ ಆಳುಗಳು ಬಾವಿ ಕಿತ್ಕೊಂಡಿದ್ರು. ಅಬ್ರಹಾಮ ಸುಮ್ಮನೆ ಎದ್ದು ಹೋಗಲಿಲ್ಲ, ನೇರವಾಗಿ ಅಬೀಮೆಲೆಕನಿಗೇ ಹೇಳಿದ. ಅದಕ್ಕೆ ಅವನ ಉತ್ತರ, ಯಾರು ಮಾಡಿದ್ರೋ ಗೊತ್ತಿಲ್ಲ, ನೀನೂ ಹೇಳಿರಲಿಲ್ಲ, ಇವತ್ತೇ ಕೇಳ್ತಿರೋದು ಅಂತ. ಆಮೇಲೆ ಏಳು ಹೆಣ್ಣು ಕುರಿಮರಿ ಸಾಕ್ಷಿಗೆ ಕೊಟ್ಟು ಆಣೆ ಮಾಡಿಕೊಂಡ್ರು. ಬೇರ್ಷೆಬ ಅನ್ನೋ ಹೆಸರಿಗೆ ಏಳರ ಬಾವಿ ಅಂತಲೂ ಆಣೆಯ ಬಾವಿ ಅಂತಲೂ ಅರ್ಥ ಮಾಡ್ತಾರೆ. ಅಂದ್ರೆ ಬಿಟ್ಟು ಹೋದ ಮಗನನ್ನೂ, ಬಾಯಿಬಿಟ್ಟು ಕೇಳಿದ ಅಪ್ಪನನ್ನೂ ಒಂದೇ ಪುಸ್ತಕದಲ್ಲಿ ಇಟ್ಟಿದ್ದಾರೆ. ಬೋಧನೆಯಲ್ಲಿ ಮಗ ಮಾತ್ರ ಬರ್ತಾನೆ.

ನಾನು ಅಪ್ಪನ ದಾರಿ ಹಿಡಿದೆ. ಒಂದು ಸಂಜೆ ಅವರ ದನದ ಕೊಟ್ಟಿಗೆ ಹತ್ರ ಹೋಗಿ, ಅಣ್ಣ, ನಿಮ್ಮ ಮೋಟರು ಓಡಿದ್ರೆ ನಮಗೆ ನೀರು ನಿಲ್ತದೆ ಅಂದೆ. "ನನಗೆ ಯಾರೂ ಹೇಳಲೇ ಇಲ್ಲವಲ್ಲಪ್ಪ" ಅಂದ್ರು. ಅಬೀಮೆಲೆಕನ ಮಾತೇ! ನಿಜಕ್ಕೂ ಗೊತ್ತಿರಲಿಲ್ಲವೋ ಏನೋ, ದೇವರಿಗೆ ಗೊತ್ತು. ಆದ್ರೆ ಮನೆಯಾಕೆಯ ಒಡವೆ ಅಡ ಇಟ್ಟು ಆ ಬೋರು ಕೊರೆಸಿದ್ದಾರೆ, ಅದೂ ಸುಳ್ಳಲ್ಲ. ಸದ್ಯಕ್ಕೆ ದಿನ ಬಿಟ್ಟು ದಿನ ಓಡಿಸೋದು ಅಂತ ಆಗಿದೆ. ಬಾಯಿಮಾತು ಅಷ್ಟೇ. ಅವರು ಟೊಮೇಟೊ ನಾಟಿ ಮಾಡಿದ ಮೇಲೂ ನಿಲ್ತದಾ, ಹೇಳೋಕೆ ಆಗಲ್ಲ.

ಸರದಿ ಅನ್ನೋದೂ ಹಳೇದೇ. 29ನೇ ಅಧ್ಯಾಯದಲ್ಲಿ ಹಾರಾನ್ ಕಡೆಯ ಬಾವಿ ಬಾಯಿಗೆ ದೊಡ್ಡ ಕಲ್ಲು ಮುಚ್ಚಿರ್ತಾರೆ. ಮಂದೆಗಳೆಲ್ಲ ಬಂದು ಸೇರೋವರೆಗೂ ಕಲ್ಲು ಉರುಳಿಸೋ ಹಂಗಿಲ್ಲ. ಮೊದಲು ಬಂದೋನು ಮೊದಲು ಎತ್ಕೊಂಡು ಹೋಗೋದಲ್ಲ. (ಯಾಕೋಬ ರಾಹೇಲಳನ್ನ ನೋಡಿದ್ದೇ ಒಬ್ಬನೇ ಕಲ್ಲು ಉರುಳಿಸಿಬಿಟ್ಟ, ಅದು ಬೇರೆ ವಿಷಯ.) ನಮ್ಮ ಕೆರೆಗಳಲ್ಲಿ ತೂಬು ಎತ್ತೋಕೆ ನೀರಗಂಟಿ ಇರಲಿಲ್ವಾ? ಬೋರಿಗೆ ಅಂಥ ಕಲ್ಲೂ ಇಲ್ಲ, ನೀರಗಂಟಿಯೂ ಇಲ್ಲ. ಕರೆಂಟು ಬಂದ ತಕ್ಷಣ ಎಲ್ಲರ ಸ್ಟಾರ್ಟರೂ ಒಟ್ಟಿಗೆ ಆನ್.

ಇಸಾಕನಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಬಿಟ್ಟುಹೋಗೋದಲ್ಲ. ಹೊಸ ಬಾವಿ ತೋಡೋಕೆ ಮೊದಲು ಅಪ್ಪನ ಕಾಲದ ಬಾವಿಗಳ ಮಣ್ಣು ತೆಗೆಸಿ, ಅಪ್ಪ ಇಟ್ಟಿದ್ದ ಹೆಸರನ್ನೇ ಮತ್ತೆ ಇಡ್ತಾನೆ. ನಮ್ಮ ಹೊಲದ ಮೂಲೆಯಲ್ಲೂ ಒಂದಿದೆ, ಹುಣಸೆಮರದ ಬಾವಿ. ಮರ ಹೋಗಿ ಎಷ್ಟೋ ವರ್ಷ ಆಯ್ತು. ನಮ್ಮಪ್ಪ ಅದರಲ್ಲಿ ಕಪಿಲೆ ಹೊಡೆದಿದ್ರು. ಅದಕ್ಕೆ ಯಾವ ಫಿಲಿಷ್ಟಿಯನೂ ಮಣ್ಣು ತುಂಬಲಿಲ್ಲ. ಬೋರು ಬಂದ ಮೇಲೆ ಮಲ್ಚಿಂಗ್ ಶೀಟು, ಹರಿದ ಡ್ರಿಪ್ ಪೈಪು, ಔಷಧಿ ಡಬ್ಬ ಅಂತ ಊರೇ ತುಂಬಿಸಿತು.

ತೆಲ್ ಬೇರ್ಷೆಬದಲ್ಲಿ ಅಗೆದು ತೆಗೆದಿರೋ ಒಂದು ಪುರಾತನ ಬಾವಿ ಸುಮಾರು 69 ಮೀಟರ್ ಆಳ, ನಮ್ಮ ಲೆಕ್ಕದಲ್ಲಿ 225 ಅಡಿ. ಅದೂ ಕೈಯಲ್ಲಿ ತೋಡಿದ್ದು. ಅದು ಅಬ್ರಹಾಮನದ್ದೇ ಅಂತ ಹೇಳಕ್ಕಾಗಲ್ಲ. ನಮ್ಮದು ನಲವತ್ತೈದು ಅಡಿ, ಕಲ್ಲು ಕಟ್ಟಿದ್ದು. ಹೋದ ಸೋಮವಾರದಿಂದ ಹೂಳು ಎತ್ತಿಸ್ತಿದ್ದೀವಿ. ಪಕ್ಕದೋರೂ ಇಬ್ಬರು ಆಳು ಕಳಿಸಿದ್ದಾರೆ, ನೀರು ಇಂಗಿದ್ರೆ ಇಬ್ಬರ ಬೋರಿಗೂ ಆಗ್ತದೆ ಅಂತ ಲೆಕ್ಕ. ಮಳೆಗೆ ಮೊದಲು ಮುಗಿಸಿ, ಹೊಲದ ನೀರು ಜಲ್ಲಿ, ಮರಳಲ್ಲಿ ಸೋಸಿ ಒಳಕ್ಕೆ ಬಿಡಬೇಕು.

ನಿನ್ನೆ ಸಂಜೆಗೆ ಮೂವತ್ತೊಂದು ಅಡಿ ಇಳಿದಿದ್ದೀವಿ. ಕೆಸರು ತಣ್ಣಗಿದೆ, ನೀರು ಕಂಡಿಲ್ಲ. ಹೂಳೆತ್ತೋ ಕಬ್ಬಿಣದ ಬಾನಿ ಒಂದು ತಳ ಒಡೆದಿದೆ. ಯಾರ ಹತ್ರ ಇದ್ರೂ ಒಂದು ವಾರಕ್ಕೆ ಕೊಡಿ, ನಾನೇ ಬಂದು ತಗೊಂಡು ಹೋಗ್ತೀನಿ.