ಕ್ಯಾಪ್ಟನ್ ಸಾಹೇಬ್ರೇ, ಒಂದು ಪ್ರಶ್ನೆ

ನಾನು ವಿಮಾನ ಹಾರಿಸುತ್ತಿದ್ದ ಮೊದಲ ವರ್ಷಗಳಲ್ಲಿ ಕಾಕ್‌ಪಿಟ್ಟಿನ ಬಾಗಿಲು ಈಗಿನಷ್ಟು ಬಿಗಿಯಾಗಿರಲಿಲ್ಲ. ಕ್ಯಾಪ್ಟನ್ ಹೂಂ ಅಂದರೆ ಪ್ರಯಾಣಿಕರು ಒಳಗೆ ಬಂದು ಇಣುಕುತ್ತಿದ್ದರು. ಬೆಂಗಳೂರಿನ ವಿಮಾನ ನಿಲ್ದಾಣ ಆಗ ಎಚ್‌ಎಎಲ್‌ನಲ್ಲಿತ್ತು. ಟಿಕೆಟ್ಟನ್ನು ಕೈಯಲ್ಲೇ ಬರೆಯುತ್ತಿದ್ದರು. ಅದರ ಕೆಂಪು ಕಾರ್ಬನ್ನಿನ ಮಸಿ ಬೆರಳಿಗೆ ಅಂಟುತ್ತಿತ್ತು. ವಿಮಾನ ಹೊರಡುವ ಮುನ್ನ ಗಗನಸಖಿ ತಟ್ಟೆಯಲ್ಲಿ ಪೆಪ್ಪರ್‌ಮಿಂಟು, ಸೋಂಪು, ಕಿವಿಗಿಡಲು ಹತ್ತಿ ತರುತ್ತಿದ್ದಳು. ಪೆಪ್ಪರ್‌ಮಿಂಟು ಚೀಪಿ ಎಂಜಲು ನುಂಗಿದರೆ ಮುಚ್ಚಿದ ಕಿವಿ ತೆರೆಯುತ್ತಿತ್ತು.

ಎಲೆಯಡಿಕೆ ಸಂಚಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಅಜ್ಜಿಯೊಬ್ಬರು ಮೊಮ್ಮಗನ ಕೈ ಹಿಡಿದು ಒಳಗೆ ಬಂದು, “ಇದಕ್ಕೆ ಏನಪ್ಪಾ ಹಾಕ್ತೀರಿ?” ಅಂತ ಕೇಳಿದರು. “ಸೀಮೆಎಣ್ಣೆ ಅಜ್ಜಿ, ಚೆನ್ನಾಗಿ ಶುದ್ಧ ಮಾಡಿದ್ದು” ಅಂದೆ. “ಅದಕ್ಕೇ ಕೆಳಗೆ ನಿಂತಿದ್ದಾಗ ನಮ್ಮನೆ ಚಿಮಣಿ ಬುಡ್ಡಿ ವಾಸನೆ ಬಂತು” ಅಂದರು. ನಮ್ಮ ಬೋಯಿಂಗ್ 737 ಗಂಟೆಗೆ ಸುಮಾರು ಎರಡೂವರೆ ಟನ್ ಕುಡಿಯುತ್ತಿತ್ತು. ಊರು ಮುಟ್ಟುವಷ್ಟು ಮಾತ್ರ ತುಂಬಿಸಿ ಹೊರಡುವ ಪದ್ಧತಿ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಅಲ್ಲಿ ಇಳಿಯಲಾಗದಿದ್ದರೆ ಇನ್ನೊಂದು ಊರಿಗೆ ಹೋಗಲು, ಅದರ ಮೇಲೆ ಅರ್ಧ ಗಂಟೆ ಸುತ್ತಲು ಬೇಕಾದಷ್ಟು ಇಂಧನ ಇರಲೇಬೇಕು.

ಮಂಗಳೂರಿನ ಬಜ್ಪೆಗೆ ತಿಂಗಳು ತಿಂಗಳೂ ಹಾರುತ್ತಿದ್ದ ಬ್ಯಾಂಕಿನ ಹಿರಿಯ ಅಧಿಕಾರಿಯೊಬ್ಬರು ಒಂದು ಮಳೆಗಾಲ ಇಳಿಯುವಾಗ ಬಾಗಿಲಲ್ಲಿ ನಿಂತು, “ಎಂತ ಮಾರಾಯ್ರೇ, ಇವತ್ತು ಹೀಗೆ ಕುಕ್ಕಿಸಿದ್ರಲ್ಲ!” ಅಂದರು. ಆಗ ಬಜ್ಪೆಯ ರನ್‌ವೇ ಗುಡ್ಡದ ನೆತ್ತಿಯ ಮೇಲೆ 1,600 ಮೀಟರಿಗಿಂತ ತುಸುವೇ ಉದ್ದವಿತ್ತು. ಹೂವಿನಂತೆ ಇಳಿಸಲು ಹೋದರೆ ವಿಮಾನ ತೇಲುತ್ತಾ ಅರ್ಧ ರನ್‌ವೇ ತಿಂದುಬಿಡುತ್ತಿತ್ತು. ಒದ್ದೆ ನೆಲದಲ್ಲಿ ಗಟ್ಟಿಯಾಗಿ ಕೂರಿಸಿದರೆ ಚಕ್ರ ನೀರಿನ ಪದರ ಸೀಳಿ ನೆಲ ಹಿಡಿಯುತ್ತಿತ್ತು. ಇಷ್ಟು ವಿವರಿಸಿದ ಮೇಲೆ ಅವರು, “ಹಾಗಾದ್ರೆ ಇನ್ನು ಮುಂದೆಯೂ ಕುಕ್ಕಿಸಿಯೇ ಇಳಿಸಿ” ಅಂದು ಛತ್ರಿ ಬಿಡಿಸಿದರು. 2006ರಲ್ಲಿ ಅಲ್ಲಿಗೆ 2,450 ಮೀಟರಿನ ಹೊಸ ರನ್‌ವೇ ಬಂತು.

ಚಿಕ್ಕಮಗಳೂರಿನ ತೋಟದವರೊಬ್ಬರು ಘಟ್ಟ ದಾಟುವಷ್ಟು ಹೊತ್ತೂ ಕುರ್ಚಿಯ ತೋಳನ್ನು ಬಿಗಿಹಿಡಿದು ಕೂರುತ್ತಿದ್ದರು. “ಯಾಕ್ರೀ ಹಿಂಗೆ ಅಲ್ಲಾಡುತ್ತೆ? ರೆಕ್ಕೆ ಮುರಿಯಲ್ವಾ?” ಅನ್ನುತ್ತಿದ್ದರು. ಹೊಳೆಯ ನೀರು ಬಂಡೆಗೆ ಬಡಿದು ಆಚೆಗೆ ಸುಳಿ ಎಬ್ಬಿಸುವ ಹಾಗೆ ಮುಂಗಾರಿನ ಗಾಳಿ ಘಟ್ಟ ಏರಿ ಈಚೆಗೆ ಸುಳಿಸುಳಿಯಾಗಿ ಇಳಿಯುತ್ತಿತ್ತು. ರೆಕ್ಕೆಯನ್ನು ಬಾಗಲೆಂದೇ ಕಟ್ಟಿರುತ್ತಾರೆ. ಪಾತಾಳಕ್ಕೆ ಬಿದ್ದೆವೆಂದು ಅವರಿಗೆ ಅನ್ನಿಸಿದಾಗಲೂ ನಮ್ಮ ಎದುರಿನ ಎತ್ತರದ ಮುಳ್ಳು ಸಾಮಾನ್ಯವಾಗಿ ಹತ್ತಿಪ್ಪತ್ತು ಅಡಿಯಷ್ಟೇ ಅಲುಗಿರುತ್ತಿತ್ತು.

1989ರಲ್ಲಿ ಇಂಡಿಯನ್ ಏರ್‌ಲೈನ್ಸ್‌ಗೆ ಏರ್‌ಬಸ್ ಎ-320 ಬಂದ ಮೇಲೆ ಪ್ರಶ್ನೆಗಳೂ ಬದಲಾದವು. ದುಂಡು ಗಡಿಯಾರಗಳ ಜಾಗದಲ್ಲಿ ಪರದೆಗಳು ಕೂತವು. “ಕಾಲಡಿ ಗರಗಸ ಎಳೆದ ಸದ್ದು ಯಾಕೆ ಬರುತ್ತೆ?” ಎಂಬುದು ಖಾಯಂ ಪ್ರಯಾಣಿಕರ ಖಾಯಂ ಪ್ರಶ್ನೆಯಾಯಿತು. ಅದು ಒಂದು ಹೈಡ್ರಾಲಿಕ್ ವ್ಯವಸ್ಥೆಯ ಒತ್ತಡ ಬಳಸಿ ಇನ್ನೊಂದರ ಒತ್ತಡ ಏರಿಸುವ ಯಂತ್ರದ ಸದ್ದು. “ಎಲ್ಲಾ ಆಟೋಪೈಲಟ್ಟೇ ಮಾಡೋದಾದ್ರೆ ನಿಮಗೇನು ಕೆಲಸ ಸರ್?” ಅಂತ ಹುಡುಗನೊಬ್ಬ ಕೇಳಿದ. ಹೇಳಿದ್ದನ್ನು ಅದು ಚಾಚೂ ತಪ್ಪದೆ ಮಾಡುತ್ತದೆ. ಏನು ಹೇಳಬೇಕು, ಯಾವ ಮೋಡವನ್ನು ಬಳಸಿ ಹೋಗಬೇಕು, ಯಾವಾಗ ಇಳಿಯದೆ ಮತ್ತೆ ಮೇಲೇರಬೇಕು ಎಂಬ ತೀರ್ಮಾನ ನಮ್ಮದು ಅಂದೆ. ಎಂಜಿನ್ ನಿಂತರೆ ಏನು ಗತಿ ಅಂತ ಕೇಳುವವರೂ ಇದ್ದರು. ಒಂದು ಎಂಜಿನ್ ನಿಂತರೂ ವಿಮಾನ ಇನ್ನೊಂದರ ಬಲದಲ್ಲೇ ಏರಬಲ್ಲದು. ಹೈದರಾಬಾದಿನ ತರಬೇತಿ ಕೇಂದ್ರದ ಸಿಮ್ಯುಲೇಟರಿನಲ್ಲಿ ಆರಾರು ತಿಂಗಳಿಗೊಮ್ಮೆ ನೆಲ ಬಿಡುವ ಹೊತ್ತಿಗೆ ಸರಿಯಾಗಿ ಎಂಜಿನ್ ನಿಲ್ಲಿಸಿ ನಮ್ಮನ್ನು ಪರೀಕ್ಷಿಸುತ್ತಿದ್ದರು.

2001ರ ಸೆಪ್ಟೆಂಬರಿನ ಅಮೆರಿಕದ ದಾಳಿಯ ನಂತರ ಕಾಕ್‌ಪಿಟ್ಟಿಗೆ ಗುಂಡು ತಡೆಯುವ ಬಾಗಿಲು ಬಂತು, ಮಕ್ಕಳ ಇಣುಕಾಟ ನಿಂತಿತು. 2003ರಲ್ಲಿ ಶುರುವಾದ ಕ್ಯಾಪ್ಟನ್ ಗೋಪಿನಾಥರ ಏರ್ ಡೆಕ್ಕನ್ ಒಂದು ರೂಪಾಯಿಗೂ ಟಿಕೆಟ್ ಮಾರಿತು. ರೈಲಿನ ಜನರಲ್ ಬೋಗಿ ಬಿಟ್ಟು ಬೇರೆ ಕಾಣದವರೂ ಕಿಟಕಿ ಪಕ್ಕ ಕೂತರು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ನಿಲ್ದಾಣ ತೆರೆಯಿತು, ಜೂನ್ ಒಂದರಿಂದ ಕಾಗದದ ಟಿಕೆಟ್ಟೂ ಹೋಯಿತು. ಹೋಗಬೇಕಾದ್ದೇ. ಆ ಕಾಲದ ವಿಮಾನಗಳ ಗದ್ದಲ, ಹಿಂದಿನ ಸಾಲುಗಳ ಸಿಗರೇಟು ಹೊಗೆ ಯಾರಿಗೂ ಬೇಡ. ಇವತ್ತಿನ ಜೆಟ್ಟು ಆಗಿನದಕ್ಕಿಂತ ಸದ್ದಿಲ್ಲದ್ದು, ಕಡಿಮೆ ಕುಡಿಯುವುದು, ಹೆಚ್ಚು ಸುರಕ್ಷಿತವಾದದ್ದು.

ನಿಮ್ಮ ಫೋನಿನಲ್ಲಿ ಈಗ ವಿಮಾನದ ಎತ್ತರ, ವೇಗ ಎಲ್ಲಾ ಕಾಣುತ್ತದೆ. ಆದರೂ ಮನಸ್ಸಿನಲ್ಲಿ ಅಳುಕಿದ್ದರೆ ಇಳಿಯುವಾಗ ಬಾಗಿಲಲ್ಲಿ ನಿಂತ ಪೈಲಟ್ಟನ್ನು ಕೇಳಿ, ಸಂಕೋಚ ಬೇಡ. ಇನ್ನೊಂದು ಮಾತು: ಗಾಳಿಯ ಕುಲುಕಾಟದಲ್ಲಿ ಪೆಟ್ಟು ತಿನ್ನುವವರಲ್ಲಿ ಹೆಚ್ಚಿನವರು ಬೆಲ್ಟ್ ಕಟ್ಟದವರು. ಬೆಲ್ಟಿನ ಸೂಚನಾ ದೀಪ ಆರಿದ ಮೇಲೂ ಕೂತಷ್ಟು ಹೊತ್ತು ಅದನ್ನು ಕಟ್ಟಿಕೊಂಡೇ ಇರಿ.